ಅಕ್ಕೋರ ಕೋಳಿ

ತನುಜಾ ತಾಂಜಾನಿಯಕ್ಕೆ ಹೋಗುತ್ತಾಳೆ ಎಂಬ ಸುದ್ದಿ ನಮ್ಮ ಆಫೀಸಿನಲ್ಲಿ ಮೊದಲು ಗೊತ್ತಾದದ್ದು ನನಗೆ. ಸಿಟ್ಟು ಬಂದದ್ದೂ ನನಗೇ ಮೊದಲು. "ಇಲ್ಲಿಯ ಗ್ಯಾಸಿನ ಗುಂಡಿಗಳಿಗೆ ಯಾರು ಗತಿ?" ಎಂದು ಕೇಳಿದೆ. ಅವಳು ಸ್ಕೂಟಿಯ ಕನ್ನಡಿಯಲ್ಲಿ ಕೂದಲು ಸರಿ ಮಾಡಿಕೊಳ್ಳುತ್ತ, "ನೀ ಇದ್ದೀಯಲ್ಲೇ ಶ್ರೀಲಕ್ಷ್ಮಿ" ಅಂದಳು. ಅದು ಕುಚೋದ್ಯವೆಂದು ಇಬ್ಬರಿಗೂ ಗೊತ್ತಿತ್ತು. ನಾನು ಶಿರಸಿಯ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ವರದಿ ಬರೆಯುವವಳು. ಮಾತು ಜಾಸ್ತಿ, ಕೈಗೆ ಸಗಣಿ ತಾಗಿದ್ದು ಕಮ್ಮಿ.

ತನುಜಾ ಹಾಗಲ್ಲ. ಸಿದ್ದಾಪುರದ ಕಡೆಯವಳು, ಸಣ್ಣ ಗದ್ದೆಯಿದ್ದ ಮನೆಯ ಹುಡುಗಿ. ಅವಳ ತಾಯಿ ದುರ್ಗಿ ಸುಗ್ಗಿ ಮುಗಿದ ಮೇಲೆ ಬೇರೆಯವರ ಮನೆಯಲ್ಲಿ ಅಡಿಕೆ ಬೇಯಿಸುವ ಒಲೆಯ ಮುಂದೆ ಕೂರುತ್ತಿದ್ದವಳು. ಆ ಹೊಗೆಗೆ ಅವಳ ಕಣ್ಣು ಸದಾ ಕೆಂಪು, ಸದಾ ನೀರು. ತಾಯಿಯ ಕಣ್ಣು ನೋಡಿಯೇ ಈ ಕೆಲಸಕ್ಕೆ ಬಂದೆ ಎಂದು ತನುಜಾ ಯಾವ ಅತಿಥಿಯ ಮುಂದೆಯೂ ಹೇಳಿದವಳಲ್ಲ, ನನಗೆ ಒಮ್ಮೆ ಹೇಳಿದ್ದಳು. ಪಿಯುಸಿ ಮುಗಿಸಿ ತೊಂಬತ್ತೆರಡರಲ್ಲಿ ನಮ್ಮ ಸಣ್ಣ ಸಂಸ್ಥೆಗೆ ಸೇರಿದಳು. ಹೊಗೆಯಿಲ್ಲದ ಒಲೆ ಕಟ್ಟಿಸುವುದು, ಗೋಬರ್ ಗ್ಯಾಸಿನ ಗುಂಡಿ ಹಾಕಿಸುವುದು, ಕೆಟ್ಟರೆ ಸರಿಮಾಡಿಸುವುದು ನಮ್ಮ ಕೆಲಸ. ಗೋಡೆಗೆ ಚಿತ್ರದ ಹಾಳೆ ನೇತುಹಾಕಿ ಕೋಲು ಹಿಡಿದು ಪಾಠ ಹೇಳುತ್ತಿದ್ದಳಾದ್ದರಿಂದ ಜನ ಅವಳನ್ನು ಶಾಲೆಯ ಟೀಚರನ್ನು ಕರೆಯುವ ಹಾಗೆ ಅಕ್ಕೋರು ಎಂದೇ ಕರೆದರು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿಗೆ ಒಬ್ಬಳೇ ಅಕ್ಕೋರು.

ಮೊದಮೊದಲು ನಾವು ಉಳಿಸುತ್ತಿದ್ದದ್ದು ಕಟ್ಟಿಗೆ. ಆಮೇಲೆ ಯಾರೋ ಬಂದು ನೀವು ಉಳಿಸುತ್ತಿರುವುದು ಹೆಂಗಸರ ಕಣ್ಣು ಮತ್ತು ಎದೆ ಎಂದರು. ಎರಡು ಸಾವಿರ ಇಸವಿ ದಾಟಿದ ಮೇಲೆ ಅದೇ ಸಗಣಿ, ಅದೇ ಗುಂಡಿ ಇಡೀ ಭೂಮಿಯನ್ನೇ ಉಳಿಸತೊಡಗಿತು. ವರದಿಯಲ್ಲಿ ನಾನು ಹವಾಮಾನ ಬದಲಾವಣೆ ಎಂದು ಬರೆಯಲು ಕಲಿತೆ. ವಿದೇಶದವರು ಜೀಪಿನಲ್ಲಿ ಬಂದರು, ಕೊಟ್ಟಿಗೆಯ ಫೋಟೋ ತೆಗೆದರು, ತನುಜಾ ಗುಂಡಿಯ ಒಳಗಿಂದ ತಲೆ ಹೊರಹಾಕಿ ಬೆವರು ಒರೆಸುವುದನ್ನು ಬೆರಗಿನಿಂದ ನೋಡಿದರು. ೨೦೦೬ರ ಬೇಸಿಗೆಯಲ್ಲಿ ಅವರೇ ಕರೆದರು. ತಾಂಜಾನಿಯದ ಹಳ್ಳಿಗಳಲ್ಲಿ ಇದೇ ಕೆಲಸ, ಅಲ್ಲೇ ಇದ್ದು ಮಾಡಬೇಕು. "ಅಲ್ಲೂ ಸಗಣಿನೇನೇ?" ಎಂದು ದುರ್ಗಿ ಕೇಳಿದಳಂತೆ.

ನನ್ನ ಸಿಟ್ಟಿಗೆ ಕಾರಣವಿತ್ತು. ಗೋಬರ್ ಗ್ಯಾಸಿನ ಗುಂಡಿ ಸುಮ್ಮನೆ ಉರಿಯುತ್ತಿದ್ದರೆ ಸಾಧು, ಬಾಯಿ ತೆರೆದರೆ ಅಲ್ಲ. ನಮ್ಮ ಕಡೆ ದನದ ಕಾಲಡಿಗೆ ಸೊಪ್ಪು, ಒಣ ಎಲೆ ಹಾಸುತ್ತಾರೆ. ಎಷ್ಟು ಬೇಡವೆಂದರೂ ಅದು ಸಗಣಿಯ ಜೊತೆ ಗುಂಡಿಗೆ ಹೋಗುತ್ತದೆ, ಮೇಲೆ ತೇಲಿ ಗಟ್ಟಿ ಪದರ ಕಟ್ಟುತ್ತದೆ, ಗ್ಯಾಸು ನಿಲ್ಲುತ್ತದೆ. ಆಗ ಬಗ್ಗಡ ತೋಡಿ ಹೊರಹಾಕಿ, ಗುಂಡಿಯ ಮೇಲೆ ಕಟ್ಟಿದ ಗುಮ್ಮಟದ ಒಳಗೆ ಮನುಷ್ಯ ಇಳಿದು ಪದರ ಒಡೆಯಬೇಕು. ಒಳಗಿನ ಗಾಳಿ ಉಸಿರು ಕಟ್ಟಿಸೀತು, ಇಲ್ಲವೇ ಕಿಡಿ ತಾಗಿದರೆ ಹೊತ್ತಿಕೊಂಡೀತು. ಅಷ್ಟು ವರ್ಷ ಯಾರಿಗೂ ಒಂದು ಗೀರು ಆಗಿರಲಿಲ್ಲ. ಏಕೆಂದರೆ ಪ್ರತಿ ಸಲವೂ ಬಾಯಿಯ ಬಳಿ ತನುಜಾ ನಿಂತಿರುತ್ತಿದ್ದಳು. ಅವಳು ಹೋದ ಮೇಲೆ ಅಲ್ಲಿ ಯಾರು ನಿಲ್ಲುತ್ತಾರೆ? ನನಗೆ ಬೇಕಾಗಿದ್ದದ್ದು ಅದೊಂದೇ ಉತ್ತರ.

ಅವಳು ನಿಲ್ಲುತ್ತಿದ್ದ ರೀತಿಯನ್ನೂ ಹೇಳಬೇಕು. ಸ್ಕೂಟಿಯ ಮುಂದೆ ಒಂದು ಬಟ್ಟೆಯ ಚೀಲ, ಚೀಲದಲ್ಲಿ ಒಂದು ಜೀವಂತ ಕೋಳಿ. ಗುಂಡಿಯ ಬಾಯಿ ತೆರೆದು ಕೆಲವು ದಿನ ಹಾಗೇ ಬಿಟ್ಟ ಮೇಲೆ, ಕೋಳಿಯನ್ನು ಬುಟ್ಟಿಯಲ್ಲಿಟ್ಟು ಹಗ್ಗದಿಂದ ಒಳಗೆ ಇಳಿಸುತ್ತಿದ್ದಳು. ಎಲ್ಲರನ್ನೂ ದೂರ ನಿಲ್ಲಿಸುತ್ತಿದ್ದಳು. ಬೀಡಿ ಬಿಸಾಡಿಸುತ್ತಿದ್ದಳು. ಸ್ವಲ್ಪ ಹೊತ್ತು ಕಳೆದು ಬುಟ್ಟಿ ಎಳೆದು, ಕೋಳಿ ಚುರುಕಾಗಿದ್ದರೆ "ಇಳೀರಿ" ಅನ್ನುತ್ತಿದ್ದಳು. ಅಷ್ಟೇ. ಯಾಕೆ, ಏನು ಎಂದು ವಿವರಿಸುವ ತಾಳ್ಮೆ ಅವಳಿಗಿರಲಿಲ್ಲ. ಜನ ತಮಗೆ ತಿಳಿದಂತೆ ಅರ್ಥ ಮಾಡಿಕೊಂಡರು. ನೆಲ ಅಗೆದಲ್ಲಿ, ಆ ಜಾಗ ಕಾಯುವ ದೇವತೆ ಚೌಡಿಗೆ ಕೋಳಿ ಕೊಡುವ ಪದ್ಧತಿ ನಮ್ಮಲ್ಲಿ ಇದ್ದದ್ದೇ. ಅಕ್ಕೋರು ಗುಂಡಿಯ ಚೌಡಿಗೆ ಕೋಳಿ ತೋರಿಸುತ್ತಾರೆ, ಕೊಯ್ಯುವುದಿಲ್ಲ, ಓದಿದವರಲ್ಲವೇ ಎಂದು ಊರೂರಲ್ಲಿ ಮಾತಾಯಿತು.

ನಾನು ಅದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕಿದ್ದೆ. "ತಿದ್ದೇ ಅವರನ್ನ" ಅಂದರೆ ತನುಜಾ, "ಇರ್ಲಿ ಬಿಡು. ಚೌಡಿ ಅಂದ್ರೆ ದೂರ ನಿಲ್ತ್ರು, ಗ್ಯಾಸ್ ಅಂದ್ರೆ ಬಗ್ಗಿ ನೋಡ್ತ್ರು" ಅಂದಿದ್ದಳು. ಆ ಮಾತು ಆಗ ಜಾಣತನದ್ದಾಗಿ ಕಂಡಿತ್ತು.

ಹೊರಡುವ ಮೊದಲು ಕೊನೆಯದಾಗಿ ಮಾಡಬೇಕಾಗಿದ್ದದ್ದು ಯಲ್ಲಾಪುರ ತಾಲೂಕಿನ ಒಂದು ಗುಂಡಿ, ಮಂಚಿಕೇರಿ ದಾಟಿ ಒಳಗೆ, ಶಾಂತಾರಾಮ ಭಟ್ಟರ ಮನೆಯದು. ಭಟ್ಟರ ತಾಯಿ ಸೀತಮ್ಮ ಗ್ಯಾಸು ನಿಂತು ಮತ್ತೆ ಕಟ್ಟಿಗೆ ಒಲೆಗೆ ಹೋಗಿದ್ದರು, ಅದಕ್ಕಾಗಿ ನಮಗೆ ಫೋನಿನಲ್ಲಿ ಬೈದೂ ಇದ್ದರು. ತನುಜಾ ಅಲ್ಲಿಗೆ ಹೊನ್ನನನ್ನು ಕಳಿಸಿದಳು. ಹೊನ್ನ ಮೊದಲ ಗುಂಡಿಯಿಂದಲೂ ಅವಳ ಜೊತೆಗಿದ್ದವನು. ಅದಕ್ಕೂ ಮೊದಲು ಬಾವಿ ತೋಡುತ್ತಿದ್ದ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವನು, ಆದರೂ ಅವಳೆದುರು ಬೀಡಿ ಹಚ್ಚುತ್ತಿರಲಿಲ್ಲ. "ಬಗ್ಗಡ ತೋಡಿ ಇಟ್ಟಿರು ಹೊನ್ನಣ್ಣ, ಇಳಿಯೂ ಹೊತ್ತಿಗೆ ನಾ ಬರ್ತೆ" ಎಂದು ಹೇಳಿ ಅವಳು ತಾಂಜಾನಿಯಕ್ಕೆ ಹೋಗಲು ಬೇಕಾದ ಹಳದಿ ಜ್ವರದ ಚುಚ್ಚುಮದ್ದಿಗೆ ಬೆಂಗಳೂರಿಗೆ ಹೋದಳು.

ಅವಳು ವಾಪಸು ಬಂದ ದಿನ ಬೆಳಿಗ್ಗೆ ಮೈ ಬಿಸಿಯಿತ್ತು, ತೋಳು ಊದಿತ್ತು. ಇಸಳೂರಿನ ಬಾಡಿಗೆ ಮನೆಗೂ ಹೋಗದೆ ಸೀದಾ ಆಫೀಸಿಗೆ ಬಂದು ನನ್ನೆದುರು ಚಹಾ ಕುಡಿಯುತ್ತಿದ್ದಳು. ಆಗ ಫೋನು ಬಂತು. ಸೀತಮ್ಮ. ಊರಿನವಳು ಎಂದು ನನ್ನ ಹತ್ತಿರ ಅವರು ಮನೆಯಲ್ಲಿ ಆಡುವ ಮಾತಿನಲ್ಲೇ ಮಾತಾಡುತ್ತಿದ್ದರು.

"ಶ್ರೀಲಕ್ಷ್ಮೀ, ತನುಜಂಗೆ ಹೇಳು, ಅವಸರ ಮಾಡ್ಕ್ಯಂಡು ಬರದು ಬ್ಯಾಡ. ಹೊನ್ನನೇ ಇಂದು ಇಳೀತ್ನಡ. ಇನ್ನು ಮೇಲೆ ಯಂಗವೇ ಮಾಡ್ಕ್ಯಳವು ಅಂದ."

"ಕೋಳಿ ತಂದಿದ್ನಾ?" ಎಂದು ಕೇಳಿದೆ. ಹಾಗೆ ಸುಮ್ಮನೆ ಕೇಳಿದ್ದು.

"ಯಂಗಳ ಅಂಗಳಕ್ಕೆ ಕೋಳಿಯನೇ? ಆ ಚೌಡಿ ಗೀಡಿ ಯಂಗಳ ಮನೇಲಿ ಬ್ಯಾಡ ಹೇಳ್ದಿ. ಬಾವಿಗೆ ಮಾಡ್ದಾಂಗೆ ಲಾಟೀನು ಇಳ್ಸಿ ನೋಡ್ತೆ ಅಂದ. ಯಂಗಳ ಲಾಟೀನೇ ಕೊಟ್ಟಿದ್ದಿ."

"ಲಾಟೀನಾ?" ಎಂದೆ, ತನುಜಾ ಲೋಟ ಕೆಳಗಿಟ್ಟು ಎದ್ದಳು. ಹಳೆಯ ಬಾವಿಗೆ ಇಳಿಯುವ ಮೊದಲು ಉರಿಯುವ ಲಾಟೀನು ಇಳಿಸಿ ನೋಡುವುದು ಎಲ್ಲರಿಗೂ ಗೊತ್ತಿದ್ದ ರೂಢಿ. ದೀಪ ಆರಿದರೆ ಕೆಟ್ಟ ಗಾಳಿ, ಉರಿದರೆ ಇಳಿಯಬಹುದು. ಬಾವಿಗೆ ಅದು ಸರಿ. ಆದರೆ ಇದು ಬಾವಿಯಲ್ಲ, ಗ್ಯಾಸಿನ ಗುಮ್ಮಟ. "ಬೇಡ, ಸೀತಮ್ಮ, ಬೇಡ!" ಎಂದು ಕೂಗಿದೆ. ಅಷ್ಟರಲ್ಲಿ ಅವರು ಫೋನು ಇಟ್ಟಾಗಿತ್ತು. ತಿರುಗಿ ಹಚ್ಚಿದೆ. ರಿಂಗಾಯಿತು, ಮತ್ತೆ ರಿಂಗಾಯಿತು. ಯಾರೂ ಎತ್ತಲಿಲ್ಲ.

ತನುಜಾ ಆಗಲೇ ಸ್ಕೂಟಿ ಚಾಲೂ ಮಾಡಿದ್ದಳು. ನಾನು ಹಿಂದೆ ಹತ್ತಿದೆ. ಆಫೀಸಿನ ಹುಡುಗಿಗೆ ಫೋನು ಹಚ್ಚುತ್ತಲೇ ಇರು ಎಂದು ಕೂಗಿ ಹೇಳಿದೆ. ಯಲ್ಲಾಪುರ ರಸ್ತೆಯಲ್ಲಿ ಅವಳು ಗಾಡಿಯ ವೇಗ ತಗ್ಗಿಸಲೇ ಇಲ್ಲ. ತಿರುವುಗಳಲ್ಲಿ ಹಾರ್ನು ಒತ್ತಿದ ಕೈ ತೆಗೆಯಲಿಲ್ಲ. ಒಂದು ಕಡೆ ಮರ ತುಂಬಿದ ಲಾರಿ ಅಡ್ಡ ಸಿಕ್ಕಿ ದಾರಿ ಬಿಡಲಿಲ್ಲ. ಅವಳು ಮಣ್ಣಿಗೆ ಇಳಿಸಿ ಚರಂಡಿಯ ಅಂಚಿನಲ್ಲೇ ದಾಟಿದಳು. ಅವಳ ಬೆನ್ನು ಕೆಂಡದ ಹಾಗೆ ಸುಡುತ್ತಿತ್ತು. ಜ್ವರವೋ ಹೆದರಿಕೆಯೋ ಗೊತ್ತಾಗಲಿಲ್ಲ.

ಮಂಚಿಕೇರಿಯಲ್ಲಿ ಎಸ್‌ಟಿಡಿ ಬೂತಿನೆದುರು ನಿಲ್ಲಿಸಿ ನಾನು ಮತ್ತೆ ಫೋನು ಹಚ್ಚಿದೆ. ಮತ್ತೆ ರಿಂಗು. ಮನೆಯಲ್ಲಿ ಒಬ್ಬರೂ ಇಲ್ಲ ಎಂದರೆ ಎಲ್ಲರೂ ಗುಂಡಿಯ ಸುತ್ತ ನಿಂತಿದ್ದಾರೆ ಎಂದೇ ಅರ್ಥ. ತನುಜಾ ಬೂತಿನ ಬಾಗಿಲಲ್ಲಿ ನಿಂತು, "ನಾ ಹೇಳಿರ್ಲಿಲ್ಲ. ನಾ ಅವನಿಗೆ ಒಂದು ದಿನನೂ ಹೇಳಿರ್ಲಿಲ್ಲ" ಅನ್ನುತ್ತಿದ್ದಳು. ಕೋಳಿ ಯಾತಕ್ಕೆ, ಬೆಂಕಿ ಯಾಕೆ ಬೇಡ ಎಂಬುದನ್ನು.

ನಾವು ಮುಟ್ಟುವಾಗ ಎಲ್ಲ ಮುಗಿದಿತ್ತು. ಕೊಟ್ಟಿಗೆಯ ಹಿಂದೆ ಜನ ಗುಂಪುಗೂಡಿ ನಿಂತಿದ್ದರು. ಗುಂಡಿಯ ಬಾಯಿಯ ಹತ್ತಿರದ ಬಾಳೆಯ ಎಲೆಗಳು ಸುಟ್ಟು ಜೋತಿದ್ದವು. ಹೊನ್ನ ನೆಲದ ಮೇಲೆ ಕೂತು ಎರಡೂ ಕೈಯನ್ನು ನೀರಿನ ಬಾನಿಯಲ್ಲಿ ಅದ್ದಿಕೊಂಡಿದ್ದ. ಹುಬ್ಬಿಲ್ಲ, ಮುಂದಲೆಯ ಕೂದಲಿಲ್ಲ, ಕಣ್ಣು ಮುಚ್ಚಿದ್ದವು, ರೆಪ್ಪೆ ಊದಿ ಅಂಟಿದ್ದವು. ಸೀತಮ್ಮ ಅವನ ಪಕ್ಕದಲ್ಲೇ ಕೂತು ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಪದರವನ್ನು ಗಳದಿಂದ ಚುಚ್ಚಿ ಲಾಟೀನು ಇಳಿಸಿದ್ದಂತೆ. ಒಳಗಿಂದ ಬೆಂಕಿ ಭುಗ್ಗೆಂದು ಬಾಯಿಯವರೆಗೆ ಬಂತಂತೆ. ಹಗ್ಗ ಹಿಡಿದವನು ಅವನೊಬ್ಬನೇ ಆಗಿದ್ದರಿಂದ ಸುಟ್ಟದ್ದೂ ಅವನೊಬ್ಬನೇ.

ಸ್ಕೂಟಿಯ ಸದ್ದಿಗೆ ಅವನು ಮುಖ ಎತ್ತಿದ. "ಅಕ್ಕೋರೇ, ಬಂದ್ರಾ? ದೀಪ ಆರ್ಲಿಲ್ರಾ. ಉಲ್ಟಾ ಆತು."

ಭಟ್ಟರ ಜೀಪಿನಲ್ಲಿ ಯಲ್ಲಾಪುರದ ಆಸ್ಪತ್ರೆಗೆ ಒಯ್ದೆವು. ಕೈ ಗುಣವಾಗುತ್ತದೆ, ಬಲಗೈ ಬೆರಳು ಪೂರ್ತಿ ಮಡಚುವುದು ಕಷ್ಟ, ಕಣ್ಣಿನ ವಿಷಯ ಪಟ್ಟಿ ಬಿಚ್ಚಿದ ಮೇಲೆಯೇ ಹೇಳಬೇಕು ಎಂದರು ಡಾಕ್ಟರು. ಆ ಪಟ್ಟಿ ಬಿಚ್ಚುವವರೆಗೆ ತನುಜಾ ಅಲ್ಲಿಂದ ಅಲ್ಲಾಡಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಳು, ಅದೇ ಸೀರೆಯಲ್ಲಿ, ಜ್ವರ ತಾನಾಗಿ ಬಿಟ್ಟಿತು. ನಾನು ಹೋಗಿ ಬಂದು ಮಾಡಿದೆ. ಸುಮ್ಮನಿರುವುದು ನನ್ನ ಜಾಯಮಾನವಲ್ಲ, ಬೈದೆ. ಅಷ್ಟು ವರ್ಷ ಅವನನ್ನು ಜೊತೆಗಿಟ್ಟುಕೊಂಡು ಒಂದು ಮಾತು ಬಿಡಿಸಿ ಹೇಳಲಿಲ್ಲವಲ್ಲ ಎಂದೆ. ಅವಳು ತಲೆಯಾಡಿಸಿ ಒಪ್ಪಿಕೊಂಡಳು. ಅದೇ ನನಗೆ ಹೆದರಿಕೆ ತಂದಿತು.

ಪಟ್ಟಿ ಬಿಚ್ಚಿದ ದಿನ ಹೊನ್ನ ಕಿಟಕಿಯ ಕಡೆ ನೋಡಿ, "ಹೊರಗೆ ಎತ್ತು ನಿಂತದೆ" ಅಂದ. ಹೊರಗೆ ನಿಂತದ್ದು ಎಮ್ಮೆ, ಆದರೂ ಡಾಕ್ಟರು ನಕ್ಕರು. ಕಣ್ಣು ಉಳಿದಿತ್ತು. ನಾನು ಅತ್ತುಬಿಟ್ಟೆ. ತನುಜಾ ಅಳಲಿಲ್ಲ. ಹಾಸಿಗೆಯ ಅಂಚಿಗೆ ಕೂತು ಕೇಳಿದಳು.

"ಹೊನ್ನಣ್ಣ, ಇನ್ನೊಂದು ಸಲ ಗುಂಡಿ ಬಾಯಿ ತೆಗೀಬೇಕು ಅಂದ್ರೆ ಎಂತ ಮಾಡ್ತೀಯ?"

"ನಿಮ್ಮನ್ನ ಕೇಳ್ತೆ."

"ನಾ ಊರಲ್ಲಿಲ್ಲ."

"ನೀವು ಬರೂವರೆಗೆ ಕಾಯ್ತೆ. ಇನ್ನು ನಿಮ್ಮ ಬಿಟ್ಟು ಒಂದು ಹೆಜ್ಜೆ ಇಡೂದಿಲ್ರಾ, ಆಣೆ."

ಪ್ರೀತಿಯಿಂದಲೇ ಹೇಳಿದ. ತನುಜಾಳ ಮುಖ ಮಾತ್ರ ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು. ಹೊರಗೆ ಬಂದವಳೇ, "ನಾ ಹೋಗೂದಿಲ್ಲ" ಅಂದಳು. ಬೇಸಿಗೆಯ ಆರಂಭದಲ್ಲಿ ನಾನು ಕೇಳಬಯಸಿದ್ದ ಮಾತು ಅದೇ. ಈಗ ಕೇಳಿ ಸಂತೋಷವಾಗಲಿಲ್ಲ. "ಇದ್ದು ಏನು ಮಾಡ್ತೀಯ? ಮತ್ತೆ ಕೋಳಿ ಚೀಲ ಹಿಡ್ಕೊಂಡು ತಿರುಗ್ತೀಯಾ? ನೀನು ಸತ್ತರೂ ಇಲ್ಲಿ ಇದೇ ಕತೆ" ಎಂದೆ. ಮಾತು ಕೆಟ್ಟದಾಗಿ ಬಂತು. ಆದರೆ ವಾಪಸು ತೆಗೆದುಕೊಳ್ಳಲಿಲ್ಲ.

ಶಿರಸಿಯ ಬಸ್ಸು ಹತ್ತಿದೆವು. ಅಲ್ಲಿ ತನುಜಾ ಹಿಂದೊಮ್ಮೆ ಆಫೀಸಿಗೆ ಬಂದಿದ್ದ ಒಬ್ಬ ಕಾಲೇಜು ಹುಡುಗನ ನೆನಪು ತೆಗೆದಳು. ನೀವು ವಿಮಾನದಲ್ಲಿ ಹೋಗುತ್ತೀರಲ್ಲ, ಆ ಹೊಗೆ ಯಾರ ಲೆಕ್ಕಕ್ಕೆ ಎಂದು ಅವನು ಕೇಳಿದ್ದ. ತನುಜಾ ಅವನನ್ನು ಆವತ್ತು ಕಣ್ಣಲ್ಲೇ ಸುಟ್ಟಿದ್ದಳು. "ಅವ ಕೇಳಿದ್ದು ಸರೀನೇ ಇತ್ತು" ಅಂದಳು ಈಗ. "ಹೊಗೆ ಬಿಟ್ಕೊಂಡು ಹೋಗಿ ಹೊಗೆ ಕಮ್ಮಿ ಮಾಡೂದು. ಅಲ್ಲಿ ಹೋಗಿಯೂ ನಾನೇ ಚೀಲ ಹಿಡ್ಕೊಂಡು ನಿಂತ್ರೆ, ನಾ ವಾಪಸು ಬಂದ ಮಾರನೇ ದಿನ ಅವ್ರು ಕಟ್ಟಿಗೆ ಕಡೀತ್ರು. ಇಲ್ಲೂ ಅಷ್ಟೇ."

ಮರುದಿನ ತಾಂಜಾನಿಯದವರಿಗೆ ಸ್ವಲ್ಪ ತಡವಾಗಿ ಬರುತ್ತೇನೆಂದು ತಿಳಿಸಿದಳು. ಜೂನ್ ಒಳಗೆ, ಅಂದರೆ ನಮ್ಮಲ್ಲಿ ಮಳೆಗಾಲ ಹಿಡಿಯುವುದರೊಳಗೆ ಬರಬೇಕು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಅವರು ಖಡಾಖಂಡಿತ ಹೇಳಿದರು. ಕಟ್ಟಿಟ್ಟ ಪೆಟ್ಟಿಗೆ ಹಾಗೇ ಇತ್ತು. ಅವಳು ಮತ್ತೆ ಊರೂರು ತಿರುಗಿದಳು, ಈ ಸಲ ನನ್ನನ್ನೂ ಎಳೆದುಕೊಂಡು.

ಪ್ರತಿ ಊರಿನಲ್ಲೂ ಮೊದಲ ಮಾತು ಒಂದೇ. ಕೋಳಿ ಚೌಡಿಗಲ್ಲ, ಒಳಗಿನ ಗಾಳಿ ಉಸಿರಾಡಲು ಆಗುತ್ತದೋ ಇಲ್ಲವೋ ನೋಡಲು. ಆಮೇಲೆ ಗ್ಯಾಸನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು, ಗದ್ದೆಯ ನಡುವೆ ಇಟ್ಟು, ಉದ್ದನೆಯ ಗಳದ ತುದಿಗೆ ಬೆಂಕಿ ಕಟ್ಟಿ ಮುಟ್ಟಿಸುವಳು. ಭುಗ್ ಎಂದಾಗ ಹೆಂಗಸರು ಚೀರಿ ಹಿಂದೆ ಸರಿಯುವರು. ಬೀಡಿ, ಲಾಟೀನು, ಬ್ಯಾಟರಿ ಟಾರ್ಚು, ಮೊಬೈಲು, ಯಾವುದೂ ಬಾಯಿಯ ಹತ್ತಿರ ಬೇಡ, ಗುಂಡಿಯ ಎದೆಯಲ್ಲಿ ಇರುವುದು ಇದೇ ಎನ್ನುವಳು. ಆಮೇಲೆ ಸುಮ್ಮನೆ ಕೂತು, ಯಾರಾದರೂ ತಿರುಗಿ ತನಗೇ ಪಾಠ ಹೇಳುವವರೆಗೆ ಏಳುತ್ತಿರಲಿಲ್ಲ. ತಾಳ್ಮೆ ಇಲ್ಲದವಳಿಗೆ ಅದು ಎಂಥ ಶಿಕ್ಷೆ ಎಂದು ನಾನು ಬಲ್ಲೆ. ಉಗುರು ಕಚ್ಚಿ ಕಚ್ಚಿ ರಕ್ತ ಬರಿಸಿಕೊಂಡಿದ್ದಳು.

ಎಲ್ಲರೂ ಸುಮ್ಮನೆ ಕೇಳಿಕೊಂಡು ಹೋಗಲಿಲ್ಲ. ಬನವಾಸಿ ಕಡೆಯ ಮುರಿಗೆವ್ವ, ತನ್ನ ಗಂಡನನ್ನೇ ಎರಡು ಸಲ ಗುಂಡಿಗೆ ಇಳಿಸಿದವಳು, ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟಳು. "ಅಲ್ರಿ ಅಕ್ಕಾರ, ನಾವೇನ್ ಸಣ್ಣ ಹುಡುಗರೇನ್ರಿ? ಮೊದ್ಲ ಹೇಳಾಕ ಏನಾಗಿತ್ರಿ ನಿಮಗ?" ತನುಜಾ ತಲೆ ತಗ್ಗಿಸಿ, "ತಪ್ಪಾತು ಮುರಿಗೆವ್ವ" ಅಂದಳು. ಅವಳ ಬಾಯಲ್ಲಿ ಆ ಶಬ್ದ ನಾನು ಕೇಳಿದ್ದು ಅದೇ ಮೊದಲು.

ಹೊನ್ನ ಮಾತ್ರ ಬರಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು ಮನೆಯಲ್ಲೇ ಕೂತಿದ್ದ. ತನುಜಾ ಅವನ ಮನೆಗೂ ಹೋಗಿ ಗ್ಯಾಸು ಉರಿಸಿ ತೋರಿಸಿದಳು, ಹೇಳಿದ್ದನ್ನೇ ಹೇಳಿದಳು. ಅವನು ಎಲ್ಲದಕ್ಕೂ "ಹೌದ್ರಾ" ಅಂದ. ತಿರುಗಿ ಹೇಳು ಎಂದರೆ ನೆಲ ನೋಡಿದ. ಹೆದರಿದ್ದಾನೋ, ಕಲಿತಿದ್ದಾನೋ ತಿಳಿಯಲಿಲ್ಲ. ಆಕಾಶದಲ್ಲಿ ಮೋಡ ಕಟ್ಟತೊಡಗಿತ್ತು.

ಭಟ್ಟರ ಮನೆಯ ಗುಂಡಿ ಅಂದಿನಿಂದ ತೆರೆದೇ ಬಿದ್ದಿತ್ತು. ಮಳೆಗೆ ಮೊದಲು ಅದನ್ನು ಮುಗಿಸಲೇಬೇಕಾಗಿತ್ತು. ಕೊನೆಗೆ ತನುಜಾ ಹೊನ್ನನಿಗೆ ಹೇಳಿ ಕಳಿಸಿದಳು. ಇಂಥ ದಿನ ಅಲ್ಲಿ ನಾನು ಬರುತ್ತೇನೆ, ಬರೀ ನೋಡುತ್ತೇನೆ. ಬಂದರೆ ಬಾ, ಇಲ್ಲವಾದರೆ ಗುಂಡಿ ಮುಚ್ಚಿಸುತ್ತೇನೆ. ಅವನು ಬರುತ್ತಾನೋ ಇಲ್ಲವೋ ಎಂದು ನಾವಿಬ್ಬರೂ ಭಟ್ಟರ ಜಗುಲಿಯಲ್ಲಿ ಕೂತು ಗೇಟು ನೋಡುತ್ತಿದ್ದೆವು. ಬಂದ. ಸುಟ್ಟ ಕೈಯಲ್ಲಿ ಚೀಲ, ಚೀಲದಲ್ಲಿ ಕೋಳಿ. ಅಂಗಳದ ಅಂಚಿಗೆ ಬಂದು ನಿಂತು ಸೀತಮ್ಮನ ಮುಖ ನೋಡಿದ. ಜೀವಮಾನದಲ್ಲಿ ಆ ಅಂಗಳಕ್ಕೆ ಕೋಳಿ ಬಂದಿರಲಿಲ್ಲ. ಸೀತಮ್ಮ ಅವನ ಸುಟ್ಟ ಕೈ ನೋಡಿ, "ಬಾರಾ ಒಳಗೆ, ಎಂತಕ್ಕೆ ನಿಂತ್ಗಂಡಿದ್ದೆ" ಅಂದರು.

ತನುಜಾ ದೂರ ನಿಂತಳು. ಹೊನ್ನ ಸೊಪ್ಪಿನ ಕಟ್ಟನ್ನು ಹಗ್ಗಕ್ಕೆ ಬಿಗಿದು ಗುಂಡಿಯೊಳಗೆ ಏರಿಸಿ ಇಳಿಸಿ ಗಾಳಿಯಾಡಿಸಿದ. ಆಮೇಲೆ ಕೋಳಿಯ ಬುಟ್ಟಿ ಇಳಿಸಿದ. ಒಳಗಿನಿಂದ ಸದ್ದಿಲ್ಲ. ಹಗ್ಗ ಅಲುಗಲಿಲ್ಲ. ನಾವೆಲ್ಲ ಹಗ್ಗವನ್ನೇ ನೋಡುತ್ತಿದ್ದೆವು. ಭಟ್ಟರು ಬಾಯಲ್ಲಿದ್ದ ಎಲೆಯಡಿಕೆಯ ಕವಳ ಜಗಿಯುವುದನ್ನೂ ನಿಲ್ಲಿಸಿದ್ದರು. ಕೋಳಿ ಸತ್ತಿದ್ದರೆ? ಸತ್ತರೂ ಅವನು ಇಳಿಯುತ್ತೇನೆಂದರೆ? ತನುಜಾ ಒಂದು ಹೆಜ್ಜೆ ಮುಂದೆ ಬಂದಳು. ಇನ್ನೊಂದು. ಅವಳಿಗೆ ತಡೆಯಲಾಗಲಿಲ್ಲ. ಹೆಗಲಿನ ಚೀಲದಿಂದ ಬ್ಯಾಟರಿ ತೆಗೆದು, ಒಳಗೇನಾಗಿದೆ ನೋಡೋಣವೆಂದು ಗುಂಡಿಯ ಬಾಯಿಗೆ ಬಗ್ಗಿದಳು. ಹೆಬ್ಬೆರಳು ಬ್ಯಾಟರಿಯ ಸ್ವಿಚ್ಚಿನ ಮೇಲಿತ್ತು, ಒತ್ತುವುದೊಂದೇ ಬಾಕಿ. ಬೇಕೆಂದು ಮಾಡಿದ್ದಲ್ಲ. ಆಮೇಲೆ ನನ್ನೆದುರು ಒಪ್ಪಿಕೊಂಡಳು, ತಾನೇ ಮುಂದೆ ಹೋಗಿ ನೋಡುವುದು ಅವಳ ಮೈಗಂಟಿದ ಅಭ್ಯಾಸ.

"ಹೇಯ್! ಹಿಂದೆ ಸರೀರಿ!"

ಹೊನ್ನನ ಕಂಠ ಅಷ್ಟು ದೊಡ್ಡದಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕೊಟ್ಟಿಗೆಯ ದನ ಬೆದರಿ ಎದ್ದವು. ಅವನು ಹಗ್ಗವನ್ನು ಎಡಗೈಗೆ ಸುತ್ತಿಕೊಂಡು ಸುಟ್ಟ ಬಲಗೈಯನ್ನು ಅವಳ ಮುಖದೆದುರು ಅಡ್ಡ ಹಿಡಿದಿದ್ದ. ತನುಜಾಳ ಮುಖ ಕೆಂಪೇರಿತು. ಗುಂಡಿಯ ಬಾಯಿಯಲ್ಲಿ ಅವಳನ್ನು ಯಾರೂ ಎಂದೂ ಗದರಿಸಿರಲಿಲ್ಲ. ಬೈದೇ ಬಿಡುತ್ತಾಳೆ ಎಂದು ನಾನು ಕಾದೆ.

"ಎಂತಕ್ಕೆ ಸರೀಬೇಕು?" ಎಂದಳು. ಹೆಬ್ಬೆರಳನ್ನು ಬ್ಯಾಟರಿಯಿಂದ ತೆಗೆದಳು.

"ಬ್ಯಾಟರಿ ಒತ್ತೂವಾಗ ಕಿಡಿ ಹಾರ್ತದೆ. ಒಳಗೆ ಗ್ಯಾಸ್ ಇನ್ನೂ ಇದ್ದಿರ್ಬೋದು. ಹೊತ್ಕಂಡ್ರೆ ನಿಮ್ಮ ಕಣ್ಣು ಹೋಗ್ತದೆ. ಇದೆಲ್ಲ ನಿಮಗೆ ಗೊತ್ತಿಲ್ವಾ? ಅಲ್ಲಿ, ಆ ಬಾಳೆ ಹತ್ರ ಹೋಗಿ ನಿಂತ್ಕಳಿ. ನಾ ಹೇಳೂವರೆಗೆ ಬರೂದಲ್ಲ."

ತನುಜಾ ಹೋಗಿ ಸುಟ್ಟ ಬಾಳೆಯ ಹತ್ತಿರ ನಿಂತಳು. ಬ್ಯಾಟರಿಯನ್ನು ಎದೆಗೆ ಅವುಚಿ ಹಿಡಿದಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹೊನ್ನ ಅವಳ ಕಡೆ ನೋಡಲೂ ಇಲ್ಲ. ಬುಟ್ಟಿ ಎಳೆದ. ಕೋಳಿ ರೆಕ್ಕೆ ಬಡಿದು ಹಾರಿ, ಸೀತಮ್ಮನ ತುಳಸಿಕಟ್ಟೆಯನ್ನೇ ಹತ್ತಿ ಕೂತಿತು. ಯಾರೂ ಅದನ್ನು ಓಡಿಸಲಿಲ್ಲ.

"ಶ್ರೀಲಕ್ಷ್ಮೀ" ಎಂದಳು ತನುಜಾ ಮೆಲ್ಲಗೆ, ಬಾಳೆಯ ಬುಡದಿಂದ ಕದಲದೆ. "ಟಿಕೆಟ್ ಮಾಡ್ಸು."